ಮೀನಿನ ತೊಟ್ಟಿಯ ಹೊಸ ಗಾಜು

"ಅಕ್ಕಾ, ಕೈ ತೆಗಿ. ನೀನು ದಫೇದಾರಮ್ಮ ಅಂತ ಬ್ಲೇಡಿಗೆ ಗೊತ್ತಾಗಲ್ಲ," ಎಂದ ನನ್ನ ತಮ್ಮ.

ಕೈ ತೆಗೆದೆ. ಪೊಲೀಸ್ ಕೆಲಸದಿಂದ ನಿವೃತ್ತಳಾದ ಮೇಲೂ ಬೀದಿಯೆಲ್ಲ ನನ್ನನ್ನು ದಫೇದಾರಮ್ಮ ಎಂದೇ ಕರೆಯುತ್ತದೆ, ಕಂಡರೆ ಸ್ವಲ್ಪ ಹೆದರುತ್ತದೆ ಕೂಡ. ಹೆದರದವನು ಇವನೊಬ್ಬ. ಅದೂ ತನ್ನ ಗಾಜಿನಂಗಡಿಯ ಒಳಗಿದ್ದಾಗ ಮಾತ್ರ.

ಅಂಗಡಿಯ ಹಿಂದಿನ ಕೋಣೆಯಲ್ಲಿ, ಹಳೇ ಕಂಬಳಿ ಹಾಸಿದ ಮೇಜಿನ ಮೇಲೆ, ಮೀನಿನ ತೊಟ್ಟಿ ಮಗ್ಗುಲಾಗಿ ಮಲಗಿತ್ತು. ತಮ್ಮ ಅದರ ಒಳಮೂಲೆಗೆ ಬ್ಲೇಡು ತೂರಿಸಿ, ಗಾಜಿಗೂ ಗಾಜಿಗೂ ನಡುವಿನ ಸಿಲಿಕೋನ್ ಅಂಟನ್ನು ಉದ್ದಕ್ಕೆ ಸೀಳುತ್ತಿದ್ದ. ಅಂಟು ರಬ್ಬರಿನ ಎಳೆಯಂತೆ ಸುರುಳಿ ಸುತ್ತಿಕೊಂಡು ಅವನ ಚಪ್ಪಲಿಯ ಮೇಲೆ ಬೀಳುತ್ತಿತ್ತು.

ನಮ್ಮ ಬೀದಿಯಲ್ಲಿ ಬಟ್ಟೆ ಹೊಲಿದುಕೊಡುವ ಹೊಲಿಗೆಯಮ್ಮನ ಒಬ್ಬಳೇ ಮಗಳು ಬಿದ್ದು ಸತ್ತದ್ದು ಈ ತೊಟ್ಟಿಯ ಪಕ್ಕದಲ್ಲೇ. ಅಳಿಯನೇ ಕೊಂದ ಎಂದು ನಂಬಿರುವ ಆ ತಾಯಿ, ಮೊಮ್ಮಗಳನ್ನು ತನಗೆ ಒಪ್ಪಿಸಿ ಎಂದು ಕೋರ್ಟಿಗೆ ಹೋಗಿದ್ದಾರೆ. ಮುಂದಿನ ವಾರ ಅವರ ಕಡೆಯ ಸಾಕ್ಷಿಯಾಗಿ ಅಲ್ಲಿ ನಿಂತು ನಾನು ಕಂಡುಹಿಡಿದದ್ದನ್ನು ಹೇಳಬೇಕು. ನನ್ನ ಮಾತಿನ ಮೇಲೆ ಆ ಮಗು ಅಪ್ಪನ ಮನೆಯಲ್ಲಿ ಉಳಿಯುತ್ತದೆ, ಇಲ್ಲವೇ ಬಿಟ್ಟುಹೋಗುತ್ತದೆ.

ಅಳಿಯ ಬಸ್ ಕಂಡಕ್ಟರ್. ದೂರದ ರೂಟು ಮುಗಿಸಿ ಮನೆಗೆ ಬಂದಾಗ ಹೆಂಡತಿ ನೆಲದ ಮೇಲೆ ಸತ್ತು ಬಿದ್ದಿದ್ದಳು, ತೊಟ್ಟಿಯ ನೀರು ಬದಲಿಸುವಾಗ ಜಾರಿ ತಲೆಗೆ ಪೆಟ್ಟಾಗಿರಬೇಕು ಎಂದು ಹೇಳಿಕೆ ಕೊಟ್ಟಿದ್ದ. ಠಾಣೆಯವರು ಅದನ್ನೇ ಬರೆದುಕೊಂಡು ಫೈಲು ಮುಚ್ಚಿದರು.

"ಆ ನೀರು ಬದಲಿಸೋದು ಭಾನುವಾರ, ಗಂಡ ಹೆಂಡ್ತಿ ಸೇರಿ. ಅವಳು ಸತ್ತಿದ್ದು ಬುಧವಾರ. ಒಬ್ಬಳೇ ಯಾಕೆ ಕೈ ಹಾಕ್ತಾಳೆ? ಅವನು ಸುಳ್ಳು ಹೇಳ್ತಿದಾನೆ ದಫೇದಾರಮ್ಮ," ಎಂದು ಹೊಲಿಗೆಯಮ್ಮ ನನ್ನ ಎರಡೂ ಕೈ ಹಿಡಿದುಕೊಂಡು ಅತ್ತಿದ್ದರು.

ಸುಳ್ಳಿನ ವಾಸನೆ ನನಗೂ ಬಡಿದಿತ್ತು. ಸಾಲದ್ದಕ್ಕೆ, ಹೆಂಡತಿ ಸತ್ತ ಕೆಲವೇ ವಾರಗಳಲ್ಲಿ ಅವನು ತೊಟ್ಟಿಯನ್ನು ಹಳೇ ಸಾಮಾನಿನ ಅಂಗಡಿಗೆ ಹಾಕಿಬಿಟ್ಟ. ನಾನು ಹೋಗಿ ಕೊಂಡುಕೊಂಡೆ. "ಸೋರತ್ತೆ ಕಣಮ್ಮ, ಮೀನು ಬಿಡಬೇಡಿ, ಗಿಡ ಇಡಿ," ಎಂದು ಅಂಗಡಿಯವನು ಹಲ್ಲು ಕಿರಿದ.

ಯಾಕೆ ಸೋರುತ್ತದೆ ಎಂದು ತಿಳಿಯಬೇಕಾದರೆ ಬಿಚ್ಚಬೇಕು. ಬಿಚ್ಚಿದ್ದನ್ನು ಹಾಗೇ ಬಿಡಲು ನನ್ನ ತಮ್ಮ ತಯಾರಿಲ್ಲ. "ಬಿಚ್ಚಿದ ಮೇಲೆ ಸರಿ ಮಾಡೇ ಕೊಡೋದು. ನನ್ನ ಅಂಗಡಿಯಿಂದ ಮುರುಕು ಸಾಮಾನು ಹೊರಗೆ ಹೋಗಲ್ಲ," ಎಂದು ಮೊದಲೇ ಷರತ್ತು ಹಾಕಿದ್ದ.

ಅವನ ಬ್ಲೇಡು ನಿಂತಿತು.

"ಅಕ್ಕಾ, ಇಲ್ಲಿ ನೋಡು. ಎರಡು ಪದರ ಇದೆ."

ಕನ್ನಡಕ ಏರಿಸಿಕೊಂಡು ಬಗ್ಗಿದೆ. ಎದುರುಗಡೆಯ ಗಾಜಿನ ಅಂಚಿನಲ್ಲಿ, ಕೆಳಗೆ ಹಳದಿಗಟ್ಟಿದ ಹಳೇ ಅಂಟು, ಅದರ ಮೇಲೆ ಬೆಳ್ಳಗಿನ ಹೊಸದು. ತಮ್ಮ ಉಗುರಿನಲ್ಲಿ ಮೀಟಿದ ಕೂಡಲೇ ಹೊಸದು ಸಲೀಸಾಗಿ ಎದ್ದು ಬಂತು.

"ಗಾಜಿನವರ ಕೆಲಸ ಅಲ್ಲ ಇದು. ಹಳೇ ಅಂಟಿನ ಮೇಲೆ ಹೊಸ ಅಂಟು ಕೂರಲ್ಲ. ಪೂರ್ತಿ ಕೆರೆದು, ಸ್ಪಿರಿಟ್ಟಲ್ಲಿ ಒರೆಸಿ, ಆಮೇಲೆ ಹಚ್ಚಬೇಕು. ಯಾರೋ ಮನೇಲಿ ಕೂತು ಮೇಲಿಂದ ಮೇಲೇ ಬಳಿದಿದಾರೆ. ಪಾಪ, ಅದಕ್ಕೇ ಸೋರಿದ್ದು."

"ಪಾಪ ಗೀಪ ಆಮೇಲೆ. ಎದುರುಗಡೆ ಮಾತ್ರ ಯಾಕೆ ಬಳಿದಿದಾರೆ?"

ಅವನು ತೊಟ್ಟಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದ. ಹಿಂದಿನ ಗಾಜು, ಪಕ್ಕದವೆರಡು, ಮೂರರಲ್ಲೂ ನೀರಿನ ಮಟ್ಟಕ್ಕೆ ಸರಿಯಾಗಿ ಉಪ್ಪು ಕಟ್ಟಿ ಬಿಳೀ ಗೆರೆ ಎದ್ದಿತ್ತು. ವರ್ಷಗಟ್ಟಲೆ ಗಡಸು ನೀರು ನಿಂತ ಗುರುತು ಅದು. ಎದುರಿನ ಗಾಜಿನಲ್ಲಿ ಗೆರೆಯ ಸುಳಿವೇ ಇರಲಿಲ್ಲ.

"ಗಾಜು ಬದಲಾಯಿಸಿದಾನೆ!" ನಾನು ಕೂಗಿಯೇಬಿಟ್ಟೆ.

ಅವತ್ತು ತೊಟ್ಟಿ ಒಡೆದಿತ್ತು. ಒಡೆದದ್ದನ್ನು ಕಂಡಕ್ಟರ್ ಯಾರಿಗೂ ಹೇಳಲಿಲ್ಲ. ಹೆಂಡತಿಯ ತಲೆಗೆ ಪೆಟ್ಟು, ಪಕ್ಕದಲ್ಲಿ ಪುಡಿಯಾದ ಗಾಜು, ಗಂಡನ ಬಾಯಲ್ಲಿ ಹಸಿ ಸುಳ್ಳು. ಇನ್ನೇನು ಬೇಕು? ನಿಂತಲ್ಲೇ ಹೊಲಿಗೆಯಮ್ಮನಿಗೆ ಫೋನು ಮಾಡಿ ಹೇಳಿದೆ. ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು. "ನಂಗೊತ್ತಿತ್ತು... ನಂಗೊತ್ತಿತ್ತು," ಎನ್ನುತ್ತಾ ಅವರು ಅಳತೊಡಗಿದರು.

ಫೋನು ಇಟ್ಟು ತಿರುಗಿದರೆ, ತಮ್ಮ ಆ ಹೊಸ ಅಂಟಿನ ಎಳೆಯನ್ನು ಅಂಗೈ ಮೇಲಿಟ್ಟುಕೊಂಡು ಬೆಳಕಿಗೆ ಹಿಡಿದು ನೋಡುತ್ತಿದ್ದ. 

"ಏನೋ?"

"ಅಂಟು ಹಚ್ಚಿದ ಮೇಲೆ ಸೋಪು ನೀರಲ್ಲಿ ಬೆರಳು ಅದ್ದಿ ಸವರ್ತೀವಿ ಅಕ್ಕ, ನಯ ಆಗ್ಲಿ ಅಂತ. ಸವರಿದ ಬೆರಳಿನ ಹಳ್ಳ ಹಾಗೇ ಉಳ್ಕೊಳ್ಳತ್ತೆ. ಮೇಲುಗಡೆ ನೋಡು, ದೊಡ್ಡವರ ಬೆರಳು. ಕೆಳಗಡೆ..."

ಕೆಳಗಡೆ ಹಳ್ಳ ಸಣ್ಣದಾಗಿತ್ತು. ಅಂಕುಡೊಂಕಾಗಿ ಹೋಗಿ, ನಡುವೆ ನಿಂತು, ಮತ್ತೆ ಮುಂದುವರಿದಿತ್ತು. ನನ್ನ ಕಿರುಬೆರಳು ಇಟ್ಟು ನೋಡಿದೆ. ಅದೂ ಹಿಡಿಸಲಿಲ್ಲ.

ಮಗುವಿನ ಬೆರಳು. ಕೊಲೆ ಮುಚ್ಚಿಡುವವನು ಹೆತ್ತ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇಲ್ಲಿ ಸವರು, ಅಲ್ಲಿ ಸವರು ಎನ್ನುತ್ತಾನೆಯೇ?  ಹೊಲಿಗೆಯಮ್ಮನಿಗೆ ಅವಸರಪಟ್ಟು ಹೇಳಬಾರದಿತ್ತು ಅನ್ನಿಸಿತು.

ತಮ್ಮ ಇಕ್ಕಳ ತೆಗೆದುಕೊಂಡು ಹಳೇ ಅಂಟಿನೊಳಗೆ ಸಿಕ್ಕಿಕೊಂಡಿದ್ದ ಗಾಜಿನ ಚೂರುಗಳನ್ನು ಒಂದೊಂದಾಗಿ ಕಿತ್ತ. ಒಡೆದ ಮೊದಲಿನ ಗಾಜಿನ ಅಂಚು ಅದು, ಅಂಟಿನ ಜೊತೆ ಅಲ್ಲೇ ಉಳಿದುಬಿಟ್ಟಿತ್ತು. ಕಿತ್ತದ್ದನ್ನು ಕಿತ್ತ ಸಾಲಿನಲ್ಲೇ ಪೇಪರಿನ ಮೇಲೆ ಜೋಡಿಸಿದ. ಬಲಗಡೆಯವು ಉದ್ದುದ್ದ ಇದ್ದವು, ಎಡಕ್ಕೆ ಬಂದಂತೆ ಸಣ್ಣವಾಗುತ್ತಾ ಬಂದು, ಎಡಮೂಲೆಯಲ್ಲಿ ಹರಳು ಹರಳಾಗಿದ್ದವು.

"ಯಾರಾದ್ರೂ ಏನಾದ್ರೂ ಎಸೆದಿದ್ರೆ ಬಿರುಕು ನಡುವಿಂದ ಹರಡ್ತಿತ್ತು. ಇದು ಕೆಳಗಿನ ಎಡಮೂಲೆಯಿಂದ ಹೊರಟಿದೆ," ಎಂದು ತೊಟ್ಟಿಯನ್ನು ನಿಧಾನಕ್ಕೆ ಬೋರಲು ಹಾಕಿದ. ತಳದ ಗಾಜಿನ ಹೊರಮೈಯಲ್ಲಿ, ಅದೇ ಎಡಮೂಲೆಗೆ, ಬೆಂಕಿಪೊಟ್ಟಣದಷ್ಟು ಅಗಲದ ಕಂದು ಕಲೆ ಇತ್ತು. ಒದ್ದೆ ಮರ ಒತ್ತಿಕೊಂಡು ಕೂತರೆ ಬೀಳುವಂಥ ಕಲೆ.

"ಸ್ಟ್ಯಾಂಡು ಅಲ್ಲಾಡಿದೆ, ಯಾರೋ ಮರದ ತುಂಡು ಕೊಟ್ಟಿದಾರೆ. ಕೊಡಬೇಕಾದ್ದು ಸ್ಟ್ಯಾಂಡಿನ ಕಾಲಿಗೆ. ಇವರು ಗಾಜಿನ ಕೆಳಗೇ ತುರುಕಿದಾರೆ. ನೀರಿನ ಭಾರ ಎಲ್ಲ ಒಂದೇ ಮೂಲೆ ಮೇಲೆ ಕೂತಿದೆ. ಇವತ್ತು ತಡ್ಕೊಳ್ಳತ್ತೆ, ನಾಳೆ ತಡ್ಕೊಳ್ಳತ್ತೆ, ಆಮೇಲೆ ಒಂದು ಹೊತ್ತಲ್ಲಿ ಟಪ್ ಅಂತ ಬಿಡತ್ತೆ."

"ಯಾರೂ ಮುಟ್ಟದೆ?"

"ಯಾರೂ ಮುಟ್ಟದೆ."

"ಬೇಕೂಂತ ಇಟ್ಟಿರಬಹುದಲ್ಲ?"

"ಕೊಲ್ಲೋಕೆ ಅಂತ ಇಟ್ಟು, ಅದು ಯಾವಾಗ ಒಡೆಯತ್ತೋ ಅಂತ ಬಸ್ಸಲ್ಲಿ ಟಿಕೆಟ್ ಹರೀತಾ ಕೂತಿದ್ನಾ? ಅಕ್ಕಾ, ನಿನ್ನ ತಲೆ ಇನ್ನೂ ಠಾಣೆಯಿಂದ ಹೊರಗೆ ಬಂದಿಲ್ಲ."

ಬೈಯೋಣ ಎಂದು ಬಾಯಿ ತೆರೆದೆ. ಆದರೆ ಅವನು ಹೇಳಿದ್ದು ಸರಿಯಿತ್ತು.

ಕೋರ್ಟಿಗೆಂದು ಎಲ್ಲದರ ಫೋಟೋ ತೆಗೆದುಕೊಂಡೆ. ಆಮೇಲಿನ ದಿನಗಳಲ್ಲಿ ತೊಟ್ಟಿ ಮತ್ತೆ ತೊಟ್ಟಿಯಾಯಿತು. ವಿನಿಗರ್ ಅದ್ದಿದ ಬಟ್ಟೆ ಹೊದಿಸಿ ಉಪ್ಪಿನ ಗೆರೆ ಕರಗಿಸಿದ್ದಾಯಿತು, ಹಳೇ ಅಂಟನ್ನು ಚೂರೂ ಉಳಿಸದೆ ಕೆರೆದದ್ದಾಯಿತು. ಗಾಜು ಕೂರಿಸಿ, ಟೇಪು ಸುತ್ತಿ, ಹೊಸ ಅಂಟು ಎಳೆದು ಒಣಗಲು ಬಿಟ್ಟ. ಅಂಗಡಿಯೆಲ್ಲ ಅಂಟಿನ ಹುಳಿ ವಾಸನೆ. ನಾನು ಹೋದಾಗಲೆಲ್ಲ ಒಣಗಿತೇ ಎಂದು ಬೆರಳು ಚಾಚುವುದು, ಅವನು ಬೈಯುವುದು. ಪುಟ್ಟ ಬೆರಳಿನ ಹಳ್ಳವಿದ್ದ ಆ ಅಂಟಿನ ಎಳೆಯನ್ನು ಮಾತ್ರ ಅವನು ಬಿಸಾಡಲಿಲ್ಲ, ಗೂಡಿನಲ್ಲಿ ಎತ್ತಿಟ್ಟಿದ್ದ. ಮಕ್ಕಳಿಲ್ಲದವನು. ಅದರ ಬಗ್ಗೆ ನಾನು ಏನೂ ಕೇಳಲಿಲ್ಲ.

ನೀರು ತುಂಬಿ ಪರೀಕ್ಷೆ ಮಾಡುವ ದಿನ ಕಂಡಕ್ಟರನ್ನು ಅಂಗಡಿಗೆ ಕರೆಸಿದೆ. ಅಷ್ಟು ದಿನ ನನ್ನ ಕಣ್ಣು ತಪ್ಪಿಸಿ ಓಡಾಡುತ್ತಿದ್ದವನು ಅವನು. "ಬರಲ್ಲ ಅಂದ್ರೆ ಬಿಡು, ಕೋರ್ಟಲ್ಲೇ ಮಾತಾಡೋಣ," ಎಂದೆ. ಬಂದ.

ಬೆಳಗಿನ ಪಾಳಿ ಮುಗಿಸಿ, ಖಾಕಿ ಅಂಗಿಯಲ್ಲೇ, ಮಗಳ ಕೈ ಹಿಡಿದುಕೊಂಡು ಬಂದಿದ್ದ. ಮನೆಯಲ್ಲಿ ಬಿಟ್ಟುಬರಲು ಯಾರೂ ಇರಲಿಲ್ಲವಲ್ಲ. ಏಳು ವರ್ಷದ ಹುಡುಗಿ, ಕಡ್ಡಿಯ ಹಾಗಿದ್ದಾಳೆ ಎಂದು ಅಮ್ಮ ಇಟ್ಟ ಹೆಸರು ಕಡ್ಡಿ ಎಂದೇ ನಿಂತುಹೋಗಿದೆ. ಜಡೆ ಒಂದು ಬಿಗಿ, ಇನ್ನೊಂದು ಸಡಿಲ. ಅಪ್ಪ ಹಾಕಿದ ಜಡೆ ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು. 

"ಬಾರೇ ಕಡ್ಡಿ, ನನಗೊಬ್ಬಳು ಕೆಲಸದವಳು ಬೇಕಿತ್ತು," ಎಂದು ತಮ್ಮ ಅವಳನ್ನು ಹಿಂದಿನ ಕೋಣೆಗೆ ಕರೆದ. "ಈ ಪೈಪು ಹಿಡ್ಕೋ. ಸಂಬಳ ಕೇಳಬೇಡ ಮತ್ತೆ."

"ಇದು ನಮ್ಮ ತೊಟ್ಟಿ," ಎಂದಿತು ಮಗು.

"ಹೌದಲ್ಲ! ಹಾಗಾದ್ರೆ ನೀನೇ ಯಜಮಾನಿ."

ನಾನೂ ಕಂಡಕ್ಟರೂ ಅಂಗಡಿಯ ಮುಂಭಾಗದಲ್ಲಿ ಬೆಂಚಿನ ಮೇಲೆ ಕೂತೆವು. ಸುತ್ತ ಗೋಡೆಗೆ ಒರಗಿಸಿದ ಕನ್ನಡಿಗಳು. ಎತ್ತ ತಿರುಗಿದರೂ ತನ್ನ ಮುಖವೇ ಕಾಣುತ್ತದೆಂದು ಅವನು ನೆಲ ನೋಡುತ್ತಾ ಕೂತ. ಗಡ್ಡ ಬೆಳೆದಿತ್ತು, ಕಣ್ಣು ಒಳಗೆ ಹೋಗಿದ್ದವು.

"ಎದುರುಗಡೆ ಗಾಜು ಯಾವಾಗ ಬದಲಾಯಿಸಿದೆ?"

"ಯಾವ ಗಾಜು ಮೇಡಂ?"

"ನೋಡಪ್ಪ, ಸುಳ್ಳು ಕೇಳಿ ಕೇಳಿನೇ ನನ್ನ ಕೂದಲು ಬೆಳ್ಳಗಾಗಿದ್ದು. ಹೊಸ ಸುಳ್ಳು ಹೇಳೋಕೆ ಬರಬೇಡ. ಅವತ್ತು ತೊಟ್ಟಿ ಒಡೆದಿತ್ತು. ನೀನು ಮುಚ್ಚಿಟ್ಟೆ."

ಅವನು ಬೆರಳಿನಿಂದ ಬೆಂಚಿನ ಮರವನ್ನು ಕೆರೆಯುತ್ತಿದ್ದ.

"ನಿನ್ನ ಅತ್ತೆಯ ಲೆಕ್ಕದಲ್ಲಿ ನೀನು ಕೊಲೆಗಾರ. ಜಡ್ಜು ಕೇಳಿದ್ರೆ ಗಾಜಿನ ವಿಷಯ ನಾನು ಹೇಳಲೇಬೇಕು. ಹೇಳಿದ ಮೇಲೆ ಏನಾಗತ್ತೆ ಗೊತ್ತಲ್ಲ?"

"ನಾನೇ ಕೊಂದೆ ಅಂತ ಹೇಳಿಬಿಡಿ ಮೇಡಂ. ಮುಗಿದುಹೋಗ್ಲಿ."

"ಏನಂದೆ?"

"ಮಗು ಅತ್ತೆ ಹತ್ರ ಹೋಗ್ಲಿ. ಅಲ್ಲಾದ್ರೂ ಅವಳನ್ನ ಯಾರೂ ಏನೂ ಕೇಳಲ್ಲ."

ಇಷ್ಟು ವರ್ಷ ಎದುರಿಗೆ ಕೂತವರ ಬಾಯಿ ನೋಡಿದವಳು ನಾನು. ಕೊಲೆ ಮಾಡಿದವನು ಜೈಲಿಗೆ ಹೆದರುತ್ತಾನೆ, ಇವನು ಹೆದರಿದ್ದು ಪ್ರಶ್ನೆಗೆ. ಅದೂ ಮಗಳಿಗೆ ಯಾರಾದರೂ ಹಾಕಬಹುದಾದ ಪ್ರಶ್ನೆಗೆ.

"ಅವಳನ್ನ ಏನು ಕೇಳಬಾರದು?" ದನಿ ಇಳಿಸಿ ಕೇಳಿದೆ. "ಆ ಅಂಟಿನ ಮೇಲೆ ಪುಟ್ಟ ಬೆರಳಿನ ಗುರುತಿದೆಯಪ್ಪ. ನೋಡಿದೀನಿ."

ಅಷ್ಟು ಸಾಕಾಯಿತು. ಗಂಡಸು, ಖಾಕಿ ತೊಟ್ಟವನು, ನಡು ಅಂಗಡಿಯಲ್ಲಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಹಿಂದಿನ ಕೋಣೆಗೆ ಕೇಳಿಸಬಾರದೆಂದು ಅಂಗಿಯ ತೋಳನ್ನು ಕಚ್ಚಿ ಹಿಡಿದು ಅತ್ತ. ನಾನು ಅವನ ಬೆನ್ನ ಮೇಲೆ ಕೈ ಇಟ್ಟೆ.

"ಬಾಗಿಲು ತೆರೆದೇ ಇತ್ತು ಮೇಡಂ. ಹೊಸ್ತಿಲಿಂದಾನೇ ನೀರು. ಎಲ್ಲಿ ನೋಡಿದ್ರೂ ಗಾಜು. ಇವಳು ಮಲಗಿದ ಹಾಗಿದ್ಲು. ತಲೆ ಕೆಳಗೆ ದಿಂಬು ಬೇರೆ ಇತ್ತು, ಮಗು ತಂದಿಟ್ಟಿತ್ತೇನೋ. ಮುಟ್ಟಿ ನೋಡ್ದೆ. ತಣ್ಣಗಾಗಿಬಿಟ್ಟಿದ್ಲು."

"ಮಗು ಎಲ್ಲಿತ್ತು?"

"ಅವಳ ಪಕ್ಕದಲ್ಲೇ ಕೂತಿತ್ತು, ಒದ್ದೆ ಬಟ್ಟೇಲಿ. ನನ್ನ ನೋಡಿ ಎದ್ದು ಬಂದು ಅಂದ ಮೊದಲನೇ ಮಾತು, 'ಅಪ್ಪಾ, ತೊಟ್ಟಿ ನಾನೇ ಒಡೆದೆ.'"

ಅವನು ಮೂಗು ಒರೆಸಿಕೊಂಡ.

"ಅಮ್ಮ ನಿದ್ದೆ ಮಾಡ್ತಿದಾಳೆ ಅಂದ್ಕೊಂಡಿತ್ತು ಮೇಡಂ ಅದು. ನಂಗೆ ಆವಾಗ ಒಂದೇ ಯೋಚನೆ. ಹೋದವಳು ಹೋದ್ಲು. ಇದು ನಾಳೆ ದೊಡ್ಡದಾಗತ್ತೆ, ತಿಳುವಳಿಕೆ ಬರತ್ತೆ. ಅಮ್ಮ ಸತ್ತಿದ್ದು ನನ್ನಿಂದ ಅಂತ ಗೊತ್ತಾದ್ರೆ ಬದುಕತ್ತಾ ಅದು? ಅದಕ್ಕೇ ಯಾರನ್ನೂ ಕರೆಯೋ ಮುಂಚೆ ಗಾಜು ಗುಡಿಸಿ ಚೀಲಕ್ಕೆ ತುಂಬಿ, ಖಾಲಿ ತೊಟ್ಟಿಗೆ ಬಟ್ಟೆ ಹೊದಿಸಿದೆ. ಹೆಂಡ್ತಿ ಹೆಣ ಅಲ್ಲಿದೆ, ನಾನು ಕಸ ಗುಡಿಸ್ತಿದೀನಿ. ಆ ಪೊರಕೆ ಸದ್ದು ಇನ್ನೂ ಕಿವೀಲಿದೆ ಮೇಡಂ."

"ಹೊಸ ಗಾಜು ಯಾಕೆ ಹಾಕಿದೆ? ಎತ್ತಿ ಬಿಸಾಡಬಹುದಿತ್ತಲ್ಲ?"

"ಒಡೆದಿದ್ದು ದೊಡ್ಡದೇನಲ್ಲ ಪುಟ್ಟ, ನೋಡು ಸರಿಹೋಯ್ತು ಅಂತ ತೋರಿಸ್ಬೇಕಿತ್ತು. ಇಬ್ರೂ ಕೂತು ಅಂಟು ಬಳಿದ್ವಿ. ಆದ್ರೆ ದಿನಾ ಬೆಳಿಗ್ಗೆ ಎದ್ರೆ ಕೆಳಗೆ ಒದ್ದೆ. ಅವಳು ಹೋಗಿ ಬಟ್ಟೆ ತಂದು ಒರೆಸೋಳು. ಒಂದು ಮಾತಿಲ್ಲ, ಒರೆಸೋಳು, ಸ್ಕೂಲಿಗೆ ಹೋಗೋಳು. ನೋಡೋಕಾಗ್ದೆ ಮಾರಿಬಿಟ್ಟೆ."

 ನನಗೆ ಮಾತ್ರ ಒಳಗೊಂದು ಸಮಾಧಾನ ಇತ್ತು, ಯಾಕೆಂದರೆ ಇವನಿಗೆ ಕೊಡುವುದಕ್ಕೆ ನನ್ನ ಹತ್ತಿರ ಒಳ್ಳೇ ಸುದ್ದಿ ಇತ್ತು. ಕೇಸಿನಲ್ಲಿ ಇಂಥ ಘಳಿಗೆ ಸಿಗುವುದು ಅಪರೂಪ.

"ಕೇಳಿಲ್ಲಿ. ನಿನ್ನ ಮಗಳು ಒಡೆದಿಲ್ಲ."

ಅವನು ತಲೆ ಎತ್ತಿದ.

"ಯಾರೂ ಒಡೆದಿಲ್ಲ. ತೊಟ್ಟಿ ಅಲ್ಲಾಡ್ತಿತ್ತು ಅಂತ ಯಾರೋ ಗಾಜಿನ ಕೆಳಗೆ ಮರದ ತುಂಡು ಇಟ್ಟಿದಾರೆ. ಭಾರ ತಾಳಲಾರದೆ ತಾನಾಗೇ ಒಡೀತು. ಚೂರು ಇದೆ, ಕಲೆ ಇದೆ, ಕೋರ್ಟಲ್ಲಿ ತೋರಿಸ್ತೀನಿ."

"ಯಾರೂ ಒಡೆದಿಲ್ವಾ?"

"ಇಲ್ಲ ಕಣಯ್ಯ."

"ಕಡ್ಡಿ ಒಡೆದಿಲ್ವಾ ಮೇಡಂ?"

"ಎಷ್ಟು ಸಲ ಹೇಳಲಿ? ಇಲ್ಲ. ಆ ತುಂಡು ಇಟ್ಟಿದ್ದು ನೀನಾ?"

"ನಂಗೆ ಯಾವ ತುಂಡೂ ಗೊತ್ತಿಲ್ಲ. ಆ ಸೋಮವಾರ ನಾನು ದೂರದ ರೂಟಿಗೆ ಹೋಗುವಾಗ ತೊಟ್ಟಿ ಕಿಟಕಿ ಹತ್ರ ಇತ್ತು. ವಾಪಸ್ ಬಂದಾಗ ಆ ಕಡೆ ಗೋಡೆಗಿತ್ತು. ಅವತ್ತು ಅದೆಲ್ಲ ಯೋಚಿಸೋ ಹಾಗಿರ್ಲಿಲ್ಲ..." ಎಂದವನು ಮಾತು ಅರ್ಧಕ್ಕೇ ಬಿಟ್ಟು ಎದ್ದು ಒಳಗೆ ಓಡಿದ. ಹಾದಿಗೆ ಅಡ್ಡ ಇದ್ದ ಕನ್ನಡಿಯೊಂದು ಅಲುಗಿತು, ನಾನು ಹಿಡಿದು ನಿಲ್ಲಿಸಿದೆ.

ಹಿಂದಿನ ಕೋಣೆಯಲ್ಲಿ ತೊಟ್ಟಿ ಮುಕ್ಕಾಲು ತುಂಬಿತ್ತು. ತಮ್ಮ ಅದನ್ನು ದಪ್ಪ ಥರ್ಮೋಕೋಲ್ ಹಾಸಿನ ಮೇಲೆ ಕೂರಿಸಿ, ಸುತ್ತ ಒಣ ಕಾಗದ ಹರಡಿದ್ದ. ಒಂದು ಹನಿ ಸೋರಿದರೂ ಗೊತ್ತಾಗಬೇಕು. ಕಡ್ಡಿ ಪೈಪು ಹಿಡಿದು ಕಾಗದವನ್ನೇ ನೋಡುತ್ತಾ ನಿಂತಿದ್ದಳು.

ಕಂಡಕ್ಟರ್ ಅವಳ ಮುಂದೆ ಮೊಣಕಾಲೂರಿ ಕೂತ. "ಪುಟ್ಟಾ, ನೀನು ಒಡೆದಿಲ್ಲ. ತೊಟ್ಟಿ ನೀನು ಒಡೆದಿಲ್ಲ ಮಗಳೇ."

"ಗೊತ್ತು," ಎಂದಿತು ಮಗು.

ತಮ್ಮ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟ. ಕಂಡಕ್ಟರ್ ನನ್ನ ಕಡೆ ನೋಡಿದ, ಮತ್ತೆ ಮಗಳ ಕಡೆ ನೋಡಿದ.

"ಗೊತ್ತಾ? ಮತ್ತೆ ನಾನೇ ಒಡೆದೆ ಅಂದ್ಯಲ್ಲ?"

"ಅಮ್ಮ ಹಾಗೆ ಹೇಳು ಅಂದ್ಲು."

"ಅಮ್ಮನಾ? ಯಾವಾಗ?"

"ಬಿದ್ದ ಮೇಲೆ." ಕಡ್ಡಿ ಪೈಪನ್ನು ಎರಡೂ ಕೈಯಲ್ಲಿ ಗಟ್ಟಿ ಹಿಡಿದುಕೊಂಡಳು. "ತೊಟ್ಟಿ ತಾನೇ ಒಡೆದುಹೋಯ್ತು. ಮೀನೆಲ್ಲ ಕೆಳಗೆ ಬಿದ್ವು. ಅಮ್ಮ ಓಡಿ ಬಂದ್ಲಲ್ಲ, ಜಾರಿಬಿಟ್ಲು. ತಲೆ ಗೋಡೆಗೆ ಬಡೀತು. ಆದ್ರೆ ಎದ್ದು ಕೂತ್ಕೊಂಡ್ಲು. ನಕ್ಕಳು ಕೂಡ. ಮೀನು ಎತ್ತಿ ಬಕೀಟಿಗೆ ಹಾಕು ಅಂದ್ಲು. ನಾನು ಹಾಕ್ದೆ."

 ಪೈಪಿನ ನೀರು ಬೀಳುತ್ತಲೇ ಇತ್ತು.

"ಆಮೇಲೆ?" ನಾನೇ ಕೇಳಿದೆ. ಕೇಳದೆ ಇರಬಹುದಿತ್ತು.

"ಆಮೇಲೆ ಅಂದ್ಲು, 'ನಿಮ್ಮಜ್ಜಿ ಮರದ ತುಂಡು ಇಟ್ಟಿದ್ದಕ್ಕೇ ಕಣೇ ಇದು ಒಡೆದಿದ್ದು. ಅಜ್ಜಿಗೂ ಹೇಳಬೇಡ, ನೊಂದ್ಕೋತಾಳೆ. ಅಪ್ಪಂಗೂ ಹೇಳಬೇಡ. ಅಪ್ಪ ಅಜ್ಜಿ ಮೇಲೆ ಕೂಗಾಡ್ತಾರೆ, ಆಮೇಲೆ ಅಜ್ಜಿ ನಮ್ಮನೆಗೆ ಬರೋದೇ ಇಲ್ಲ. ನೀನೇ ಒಡೆದೆ ಅನ್ನು, ನಿನ್ನ ಬೈಯಲ್ಲ.' ತಲೆ ನೋಯ್ತಿದೆ, ದಿಂಬು ತಾ, ಸ್ವಲ್ಪ ಮಲಗ್ತೀನಿ ಅಂದ್ಲು. ಎದ್ದ ಮೇಲೆ ನಿಧಾನಕ್ಕೆ ಅಪ್ಪಂಗೆ ನಾನೇ ಹೇಳ್ತೀನಿ ಅಂದಿದ್ಲು." ಮಗು ಸ್ವಲ್ಪ ಯೋಚಿಸಿತು. "ಎದ್ದೇ ಇಲ್ಲ."

ಕಂಡಕ್ಟರ್ ನೆಲದ ಮೇಲೇ ಕುಸಿದು ಕೂತುಬಿಟ್ಟ.

"ಹೋದ ಸಲ ಅತ್ತೆ ಬಂದಾಗ ನನ್ನ ಕಪಾಟು ಎತ್ತಿ ಆ ಕಡೆ ಇಟ್ಟಿದ್ರು ಮೇಡಂ," ಎಂದ, ಯಾರನ್ನೂ ನೋಡದೆ. "ಬಂದಾಗಲೆಲ್ಲ ಅವರಿಗೆ ಮನೆ ಸಾಮಾನು ಜರುಗಿಸೋ ಅಭ್ಯಾಸ. ನಾನು ಬಾಯಿಗೆ ಬಂದ ಹಾಗೆ ಕೂಗಾಡಿದ್ದೆ. ತಿಂಗಳುಗಟ್ಲೆ ಅವರು ಈ ಕಡೆ ತಲೆ ಹಾಕ್ಲಿಲ್ಲ. ಇವಳು ದಿನಾ ಅಳೋಳು. ಆಮೇಲೆ ನಾನಿಲ್ಲದಾಗ ಬಂದು ಹೋಗಿರ್ತಾರೆ, ನಂಗೆ ಹೇಳೋಕೂ ಇವಳು ಹೆದರಿದಾಳೆ."

ಇಷ್ಟು ವರ್ಷದ ನೌಕರಿಯಲ್ಲಿ ಎಂತೆಂಥ ಸುಳ್ಳು ನೋಡಿದ್ದೇನೆ. ಅಮ್ಮನಿಗೂ ಗಂಡನಿಗೂ ಜಗಳ ಆಗದಿರಲಿ ಎಂದು, ಒಂದು ಸಂಜೆಯ ಮಟ್ಟಿಗೆ, ಒಬ್ಬ ಹೆಂಗಸು ಮಗಳ ಬಾಯಲ್ಲಿ ಇಟ್ಟುಹೋದ ಸುಳ್ಳು ಇದು. ಇಷ್ಟು ಪುಟ್ಟ ಸುಳ್ಳಿನ ಕೆಳಗೆ ಒಂದು ಮನೆಯೇ ಹೂತುಹೋಗಿತ್ತು. ನನಗೆ ಅಳು ತಡೆಯಲಾಗಲಿಲ್ಲ, ತಡೆಯಲೂ ಇಲ್ಲ.

ಕಡ್ಡಿ ನನ್ನನ್ನೇ ನೋಡುತ್ತಿದ್ದಳು. "ಪೊಲೀಸ್ ಆಂಟಿ, ಅಜ್ಜಿಗೆ ಹೇಳಬೇಡಿ. ಅಮ್ಮ ಹೇಳಬೇಡ ಅಂದಿದಾಳೆ."

ಹೊರಗೆ ಅಂಗಡಿಯ ಕಡೆಯಿಂದ ಚಪ್ಪಲಿಯ ಸದ್ದಾಯಿತು. "ದಫೇದಾರಮ್ಮಾ, ಒಳಗಿದೀರಾ?"

 ಸಂಜೆ ಬನ್ನಿ ಎಂದು ನಾನೇ ಹೇಳಿದ್ದೆ, ಅವರು ಮುಂಚೆಯೇ ಬಂದುಬಿಟ್ಟಿದ್ದರು. ಹೊಲಿಗೆಯಮ್ಮ ಬಾಗಿಲಲ್ಲಿ ಕಾಣಿಸಿಕೊಂಡರು. ಕುತ್ತಿಗೆಗೆ ಹಾಕಿಕೊಂಡ ಅಳತೆ ಟೇಪನ್ನು ತೆಗೆಯುವುದನ್ನೂ ಮರೆತು ಬಂದಿದ್ದರು. ನೆಲದ ಮೇಲೆ ಕೂತ ಅಳಿಯನನ್ನು ಕಂಡದ್ದೇ ಅವರ ಮುಖ ಕೆಂಪಗಾಯಿತು.

"ಇವನ ಬಾಯಿಂದ ನಿಜ ಬಂತಾ? ಗಾಜು ಒಡೆದವನು ಇವನೇ ತಾನೆ? ನನ್ನ ಮಗಳನ್ನ ಆ ಗಾಜಿಗೆ ತಳ್ಳಿದವನು ಇವನೇ ಅಂತ ಎಲ್ಲರ ಮುಂದೆ ಒಪ್ಕೊಳ್ಳೋಕೆ ಹೇಳಿ!"

"ಅಮ್ಮಾ, ಮೊದ್ಲು ಕೂತ್ಕೊಳ್ಳಿ," ಎಂದೆ.

"ಕೂರಲ್ಲ. ಮಗಳನ್ನ ಕಳ್ಕೊಂಡ ಮೇಲೆ ಕೂತಿದ್ದೇ ಇಲ್ಲ ನಾನು."

ಕಡ್ಡಿ ಪೈಪನ್ನು ಜೋಪಾನವಾಗಿ ನನ್ನ ತಮ್ಮನ ಕೈಗೆ ಕೊಟ್ಟಳು. ಫ್ರಾಕಿಗೆ ಕೈ ಒರೆಸಿಕೊಂಡು ಅಜ್ಜಿಯ ಹತ್ತಿರ ಹೋಗಿ, ಅವರ ಸೆರಗು ಹಿಡಿದು ನಿಂತಳು.

"ಅಪ್ಪ ಅಲ್ಲ ಅಜ್ಜಿ. ತೊಟ್ಟಿ ನಾನೇ ಒಡೆದೆ."

 ಹೊಲಿಗೆಯಮ್ಮನ ಕೈ ಮೊಮ್ಮಗಳ ತಲೆಯವರೆಗೆ ಬಂದು, ಮುಟ್ಟದೆ ಅಲ್ಲೇ ನಿಂತಿತು. ಆ ಕೈ ನಿಂತದ್ದನ್ನು ಕಂಡಕ್ಟರೂ ನೋಡಿದ. ಮಗು ಮಾತ್ರ, ಕೊಟ್ಟ ಮಾತು ಉಳಿಸಿಕೊಂಡ ನೆಮ್ಮದಿಯಲ್ಲಿ, ಅಜ್ಜಿಯ ಮುಖ ನೋಡುತ್ತಿತ್ತು.

"ಅವಳಲ್ಲ ಅತ್ತೆ," ಎಂದ ಕಂಡಕ್ಟರ್, ನೆಲದಿಂದ ಏಳುತ್ತಾ. "ಮಗು ಒಡೆದಿಲ್ಲ. ನಾನೂ ಒಡೆದಿಲ್ಲ."

ಹೊಲಿಗೆಯಮ್ಮ ಅವನನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ಹಾಗಾದ್ರೆ ಯಾರು ದಫೇದಾರಮ್ಮ? ನನ್ನ ಮಗಳನ್ನ ಕೊಂದಿದ್ದು ಯಾರು?"